ಮರಿ ಎತ್ತಬೇಡಿ ಅಂದ ಬಾಲಮ್ಮ

ನನಗೆ ಕೋಪ ಜಾಸ್ತಿ ಅಂತ ಹಲಸೂರಲ್ಲಿ ಎಲ್ಲರಿಗೂ ಗೊತ್ತು. ನಲವತ್ತು ವರ್ಷದಿಂದ ಒಂದೇ ಗಲ್ಲಿಯಲ್ಲಿ ಹೊಲಿಗೆ ಮಿಷನ್ ತುಳೀತಿದೀನಿ. ಬಟ್ಟೆ ತಡ ಆಯ್ತು ಅಂತ ಯಾರಾದ್ರೂ ದನಿ ಏರಿಸಿದ್ರೆ ನನ್ನ ದನಿ ಅವರಿಗಿಂತ ಮೇಲೆ ಹೋಗುತ್ತೆ, ಆದ್ರೆ ಅವರು ಬಟ್ಟೆ ತಗೊಂಡು ಗಲ್ಲಿ ದಾಟೋಷ್ಟರಲ್ಲಿ ಇಳಿದುಹೋಗುತ್ತೆ. ಬಾಲಮ್ಮನ ವಿಷಯದಲ್ಲಿ ಬಂದ ಕೋಪ ಹಾಗಲ್ಲ, ಇವತ್ತಿಗೂ ಇಳಿದಿಲ್ಲ. ಅದಕ್ಕೇ ಕೂತು ಹೇಳ್ತಿದೀನಿ.

ನಾನು ಪಿಳ್ಳಮ್ಮ. ಮೊದಲು ರವಿಕೆ ಹೊಲೀತಿದ್ದೆ, ಈಗ ಇಪ್ಪತ್ತು ವರ್ಷದಿಂದ ಮದುವೆ ಕುದುರೆಗಳ ಬೆನ್ನಿಗೆ ಹೊದಿಸೋ ಜೂಲು ಹೊಲೀತೀನಿ. ಕೆಂಪು ವೆಲ್ವೆಟ್ಟು, ಜರಿ, ಕನ್ನಡಿ ಚೂರು, ಅಂಚಿಗೆ ಗೆಜ್ಜೆ. ಮದುಮಗ ಎರಡು ಗಂಟೆ ಕೂತು ಇಳಿಯೋ ಕುದುರೆಗೆ ಎಷ್ಟು ಸಿಂಗಾರ ಬೇಕೋ ಅಷ್ಟೂ ನನ್ನ ಕೈದೇ. ನನ್ನ ದೊಡ್ಡ ಗಿರಾಕಿ ಪ್ರೇಮ್‌ಕುಮಾರ್, ಹಲಸೂರಿನವನೇ, ನನ್ನ ಕಣ್ಣ ಮುಂದೆ ಚಡ್ಡಿ ಹಾಕ್ಕೊಂಡು ಓಡಾಡಿದವನು. ಈಗ ಅವನ ಹತ್ತಿರ ಏಳು ಬಿಳಿ ಕುದುರೆ ಇವೆ. ಫ್ರೇಜರ್ ಟೌನ್, ಇಂದಿರಾನಗರ, ಎಲ್ಲಿ ಮೆರವಣಿಗೆ ಇದ್ರೂ ಅವನದ್ದೇ ಕುದುರೆ. ಹಲಸೂರಲ್ಲಿ ಜಾಗ ಸಾಲದೆ ಲಾಯಾನ ಟಿನ್ ಫ್ಯಾಕ್ಟರಿ ಹಿಂದೆ, ರೈಲ್ವೆ ಹಳಿ ಪಕ್ಕದ ಖಾಲಿ ಸೈಟಿಗೆ ಸಾಗಿಸಿದಾನೆ. ಆ ಏಳು ಕುದುರೆಗೂ ಹುರುಳಿ ಬೇಯಿಸಿ, ಮೈ ತಿಕ್ಕಿ, ಲದ್ದಿ ಬಾಚಿ, ಗಾಯಕ್ಕೆ ಅರಿಶಿನ ಹಚ್ಚಿ ನೋಡ್ಕೊಳ್ತಿದ್ದವಳು ಬಾಲಮ್ಮ.

ಬಾಲಮ್ಮ ಲಿಂಗಸುಗೂರು ಕಡೆಯವಳು. ಗಂಡ ಜಟ್ಟೆಪ್ಪನ ಜೊತೆ ಬಂದು ಕೆ.ಆರ್. ಪುರದಲ್ಲಿ ಅಪಾರ್ಟ್‌ಮೆಂಟು ಕಟ್ಟೋ ಕೆಲಸಕ್ಕೆ ಸೇರಿದಳು. ಎರಡನೇ ವರ್ಷ ಮರಳಿನ ಬಾಂಡ್ಲಿ ಹೊತ್ತು ಸಾರುವೆ ಮೇಲಿಂದ ಬಿದ್ದಳು. ಎಡಗಡೆ ಪಕ್ಕೆಲುಬು ಎರಡು ಮುರಿದಿತ್ತು. ಅಲ್ಲಿನ ಮೇಸ್ತ್ರಿ ಏನಂದ ಗೊತ್ತಾ? ನಾಟಕ ಬೇಡ ಏಳು ಅಂತ ಎರಡೂ ತೋಳು ಹಿಡಿದು ಎತ್ತಿ ನಿಲ್ಲಿಸಿದನಂತೆ. ಆಸ್ಪತ್ರೆಗೆ ಹೋಗಿದ್ದು ಮೂರು ದಿನ ಆದ್ಮೇಲೆ. ಉಸಿರು ಎಳೆದಾಗಲೆಲ್ಲ ಒಳಗೆ ಕಟಕಟ ಅಂತಿತ್ತು ಅಕ್ಕಾರ, ಅಂಗೈ ಇಟ್ಟರ ಕೈಗೆ ಗೊತ್ತಾಗ್ತಿತ್ತು ಅಂತ ನನಗೆ ಎಷ್ಟೋ ಸಲ ಹೇಳಿದಾಳೆ. ಆಮೇಲೆ ಭಾರ ಹೊರೋಕೆ ಆಗದೆ, ಹದಿನಾರು ವರ್ಷದ ಹಿಂದೆ ಲಾಯಕ್ಕೆ ಲದ್ದಿ ಬಾಚೋಕೆ ಬಂದಳು. ಜಟ್ಟೆಪ್ಪ ವಾಚ್‌ಮನ್ ಆದ. ಟಿನ್ ಫ್ಯಾಕ್ಟರಿ ಹತ್ತಿರಾನೇ ಒಂದು ಬಾಡಿಗೆ ರೂಮು.

ಹೆಂಗಸಿಗೆ ಕುದುರೆ ಕೆಲಸ ಏನು ಗೊತ್ತು ಅಂತ ಆವಾಗ ಎಲ್ಲರೂ ಮೂಗು ಮುರಿದವರೇ. ಮುರಿಯದೆ ಇದ್ದವರು ಒಬ್ಬರೇ, ಅಹ್ಮದ್ ಪಾಷಾ. ಶಿವಾಜಿನಗರದಲ್ಲಿ ಜಟಕಾ ಓಡಿಸ್ತಿದ್ದ ಮುದುಕರು, ಎಂಬತ್ತು ಹತ್ತಿರ ಬಂದಿದೆ. ಕುದುರೆ ಇಟ್ಟವರೆಲ್ಲ ಅವರನ್ನ ಚಾಚಾ ಅಂತಾರೆ, ಜಗಳ ಆದ್ರೆ ಅವರ ಮಾತೇ ಕೊನೆ. ಕುದುರೆ ಕಿವಿ ನೋಡಿ ಅದರ ಮನಸ್ಸು ತಿಳಿಯೋದು, ಹೊಟ್ಟೆನೋವಿಗೆ ನಡೆಸೋದು, ಹೆರಿಗೇಲಿ ಕಾಲು ಹೇಗೆ ಬರ್ತಿದೆ ನೋಡೋದು, ಎಲ್ಲ ಬಾಲಮ್ಮನಿಗೆ ಕಲಿಸಿಕೊಟ್ಟಿದ್ದು ಅವರೇ.

ಈ ಮದುವೆ ಕುದುರೆ ಜನರಲ್ಲಿ ಒಂದು ಪದ್ಧತಿ ಇದೆ. ಮರಿ ಹುಟ್ಟಿದ ಮೇಲೆ, ಅದು ತಾನಾಗಿ ಕಾಲೂರಿ ನಿಲ್ಲೋ ಮೊದಲು, ಯಜಮಾನ ಅದರ ಎದೆ ಸುತ್ತ ತೋಳು ಹಾಕಿ, ಅವಚಿ ಎತ್ತಿಕೊಂಡು, ತಾಯಿ ಸುತ್ತ ಮೂರು ಸುತ್ತು ಬರಬೇಕು. ಹಾಗೆ ಎತ್ತಿಸಿಕೊಂಡ ಮರಿ ದೊಡ್ಡದಾದ್ಮೇಲೆ ಮದುಮಗನನ್ನ ಯಾವತ್ತೂ ಕೆಡವಲ್ಲ ಅಂತ ನಂಬಿಕೆ. ಜಟಕಾ ಕಾಲದಿಂದ ಬಂದಿದ್ದು, ಯಾವ ಜಾತಿ ಯಾವ ಧರ್ಮ ಅಂತಿಲ್ಲ, ಎಲ್ಲರೂ ಮಾಡ್ತಾರೆ. ಎತ್ತೋವಾಗ ಮರಿ ಎದೆಗೆ ಸುತ್ತೋಕೆ ಹೊಸ ಕೆಂಪು ಬಟ್ಟೆ ಬೇಕು. ಅದನ್ನ ಹೊಲಿಯೋಳು ನಾನು. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಪಿಳ್ಳಮ್ಮ ತನ್ನ ಪಾಲು ಮುಚ್ಚಿಟ್ಟಳು ಅನ್ನಬೇಡಿ.

ಪ್ರೇಮ್‌ಕುಮಾರನ ಮೋತಿ ಅನ್ನೋ ಹೆಣ್ಣು ಕುದುರೆ ಚೊಚ್ಚಲು ಗಬ್ಬ ಆಗಿತ್ತು. ಹೋದ ಫೆಬ್ರವರಿಯಲ್ಲಿ ಒಂದಿನ ಬೆಳಗ್ಗೆ ಆರು ಗಂಟೆಗೆ ಅವನ ಫೋನು. ಅಕ್ಕಾ, ಮರಿ ಬಂತು, ಬಟ್ಟೆ ತಗೊಂಡು ಬೇಗ ಬನ್ನಿ ಅಂದ. ಆಟೋ ಹಿಡಿದು ಹೋದೆ. ಹೋಗಿ ನೋಡಿದ್ರೆ ಮರಿ ಹುಲ್ಲಿನ ಮೇಲೆ ಮಲಗಿದೆ, ಬಾಲಮ್ಮ ಮೊಣಕೈವರೆಗೂ ಒದ್ದೆಯಾಗಿ ಅದರ ಪಕ್ಕ ಕೂತಿದಾಳೆ. ಹೆರಿಗೆ ಕಷ್ಟ ಆಗಿತ್ತಂತೆ. ಮುಂಗಾಲು ಒಂದು ಮಡಚಿಕೊಂಡು ಭುಜ ಸಿಕ್ಕಿಹಾಕ್ಕೊಂಡಿತ್ತು. ಕಾಲು ಬಿಡಿಸಿ, ತಾಯಿ ಮುಕ್ಕಿದಾಗ ಮಾತ್ರ ಎಳೆದು, ಮುಕ್ಕದೇ ಇದ್ದಾಗ ಸುಮ್ಮನೆ ಹಿಡ್ಕೊಂಡು, ಮುಕ್ಕಾಲು ಗಂಟೆ ಒಬ್ಬಳೇ ಒದ್ದಾಡಿ ಇಬ್ಬರ ಜೀವಾನೂ ಉಳಿಸಿದ್ದಳು. ಆ ಹೊತ್ತಲ್ಲಿ ಪ್ರೇಮ್‌ಕುಮಾರ್ ಏನ್ ಮಾಡ್ತಿದ್ದ? ವಿಡಿಯೋ ತೆಗೆಯೋ ಹುಡುಗನಿಗೆ ದಾರಿ ಹೇಳ್ತಾ ಗೇಟಲ್ಲಿ ನಿಂತಿದ್ದ.

ಬಾಲಮ್ಮ ಹಳೇ ಟವೆಲ್ಲಿಂದ ಮರಿ ಮೈ ಒರೆಸ್ತಿದ್ದಳು. ಎಡಗಡೆ ಮುಂಗಾಲಿನ ಹಿಂದೆ ಅಂಗೈ ಇಟ್ಟವಳು ಒರೆಸೋದು ನಿಲ್ಲಿಸಿದಳು. ಮರಿ ಉಸಿರು ಎಳೆದಾಗಲೆಲ್ಲ ನರಳ್ತಿತ್ತು. ನನ್ನ ಕೈ ಹಿಡಿದು ಅಲ್ಲಿ ಇಟ್ಟಳು. ಚರ್ಮದ ಕೆಳಗೆ ಏನೋ ಕಟಕ್ ಕಟಕ್ ಅಂತ ಜಾರ್ತಿತ್ತು. ಬಲಗಡೆ ಎದೆ ಉಬ್ಬಿದ ಹಾಗೆ ಎಡಗಡೆ ಉಬ್ಬಿರಲಿಲ್ಲ, ಚಪ್ಪಟೆಯಾಗಿತ್ತು.

ಅಷ್ಟರಲ್ಲಿ ಪ್ರೇಮ್‌ಕುಮಾರ್ ಹೊಸ ಜುಬ್ಬಾ ಹಾಕ್ಕೊಂಡು ಒಳಗೆ ಬಂದ, ಹಿಂದೆ ಕ್ಯಾಮೆರಾ. ಬಟ್ಟೆ ಕೊಡಿ ಅಕ್ಕಾ ಅಂದ. ಬಾಲಮ್ಮ ಅವನಿಗೂ ಮರಿಗೂ ನಡುವೆ ಕೈ ಅಡ್ಡ ಹಿಡಿದಳು.

"ಎತ್ತಬ್ಯಾಡ್ರಿ ಸಾವ್ಕಾರ್ರ. ಎಡಗಡಿ ಎಲುಬು ಮುರದಾವ, ಕೈಗೆ ಗೊತ್ತಾಗ್ತೈತಿ. ಡಾಕ್ಟರ್ ಬರೋತನ ಎತ್ತಬ್ಯಾಡ್ರಿ."

ಅವನು ನಕ್ಕ. ಲದ್ದಿ ಬಾಚೋಳು ಯಾವಾಗ ಡಾಕ್ಟರ್ ಆದಳು ಅಂತ ಕ್ಯಾಮೆರಾ ಹುಡುಗನ್ನ ಕೇಳಿದ. ಮರಿ ಎದ್ದು ನಿಂತ್ರೆ ಮುಹೂರ್ತ ಹೋಗುತ್ತೆ, ಪಕ್ಕಕ್ಕೆ ಸರಿ ಅಂದ. ನಾನು ಏನ್ ಮಾಡಿದೆ? ಇಷ್ಟು ಬಾಯಿ ಇರೋ ನಾನು, ಆಗ ಬಾಯಿಗೆ ಬೀಗ ಹಾಕ್ಕೊಂಡು ಕೆಂಪು ಬಟ್ಟೆ ಅವನ ಕೈಗೆ ಕೊಟ್ಟೆ. ದೊಡ್ಡ ಗಿರಾಕಿ ನೋಡಿ. ನನಗೆ ನಾನೇ ಒಂದು ಬಾರಿಸ್ಕೋಬೇಕು ಅನ್ಸುತ್ತೆ ಈಗ.

ಅವನು ಎದೆ ಸುತ್ತ ಬಟ್ಟೆ ಬಿಗಿದು, ತೋಳು ಹಾಕಿ ಎತ್ತಿದ. ಮರಿ ಒಂದೇ ಒಂದು ಸಲ ಕೂಗ್ತು. ಮೂರು ಸುತ್ತು. ಬಾಲಮ್ಮ ಅವನ ಹಿಂದೆ ಹಿಂದೆ ಕೈ ಚಾಚಿಕೊಂಡು, ಬ್ಯಾಡ್ರಿ ಬ್ಯಾಡ್ರಿ ಅಂತ ಬಾಯಿ ಬಡ್ಕೊಂಡು ಸುತ್ತಿದಳು. ಇಳಿಸಿದ್ಮೇಲೆ ಮರಿ ನಿಲ್ಲಲಿಲ್ಲ. ಕುಸಿದು ಬಿತ್ತು, ಉಸಿರು ದಬದಬ ಓಡ್ತಿತ್ತು, ಒಸಡು ನೀಲಿಯಾಗಿತ್ತು. ಆಮೇಲೆ ಆ ವಿಡಿಯೋನ ರೀಲ್ ಮಾಡಿ ಹಾಕಿದ್ರಲ್ಲ, ಅದರಲ್ಲಿ ಬ್ಯಾಂಡಿನ ಸಂಗೀತ ತುಂಬಿಸಿದಾರೆ. ಬಾಲಮ್ಮ ಬಾಯಿ ತೆರೆದು ಮುಚ್ಚೋದು ಕಾಣುತ್ತೆ, ಮಾತು ಕೇಳಲ್ಲ. ನೋಡಿದವರೆಲ್ಲ ಅವಳೂ ಖುಷಿಗೆ ಕೈ ಎತ್ತಿ ಹರಸ್ತಿದಾಳೆ ಅಂದ್ಕೊಂಡ್ರು, ಹಾರ್ಟು ಒತ್ತಿದ್ರು.

ನಾನೇ ಫೋನ್ ಮಾಡಿ ಇಂದಿರಾನಗರದ ಕುದುರೆ ಡಾಕ್ಟರ್ ರಮ್ಯಶ್ರೀನ ಕರೆಸಿದೆ. ಚಿಕ್ಕ ವಯಸ್ಸಿನ ಹುಡುಗಿ, ಆದ್ರೆ ಗಟ್ಟಿಗಿತ್ತಿ. ಕೈಲಿ ಹಿಡಿಯೋ ಸ್ಕ್ಯಾನಿಂಗ್ ಮಿಷನ್ ಇಟ್ಟು ನೋಡಿದ್ಲು. ಎಡಗಡೆ ನಾಲ್ಕು ಪಕ್ಕೆಲುಬು ಮುರಿದಿವೆ, ಒಂದರ ತುದಿ ಒಳಕ್ಕೆ ತಿರುಗಿದೆ, ಹೃದಯಕ್ಕೆ ಒಂದು ಬೆರಳಷ್ಟು ದೂರ ಅಂದ್ಲು. ಇನ್ನೊಂದು ಸಲ ಯಾರಾದ್ರೂ ಎದೆ ಹಿಡಿದು ಎತ್ತಿದ್ರೆ ಅದು ಚುಚ್ಚುತ್ತೆ, ಚುಚ್ಚಿದ್ರೆ ಔಷಧಿ ಇಲ್ಲ, ನಿಮಿಷದಲ್ಲಿ ಮುಗೀತು. ಹಲಗೆ ಕಟ್ಟೋಕಾಗಲ್ಲ, ಪಟ್ಟಿ ಸುತ್ತೋಕಾಗಲ್ಲ. ಮೂರು ವಾರ ಚಿಕ್ಕ ಜಾಗದಲ್ಲಿ ಅಲ್ಲಾಡದ ಹಾಗೆ ಇಡಬೇಕು, ಮುರಿದ ಪಕ್ಕ ಕೆಳಗಾಗೋ ಹಾಗೆ ಮಲಗಿಸಬೇಕು, ಹಾಲು ಕುಡಿಯೋಕೆ ಏಳಿಸುವಾಗ ಹಿಂದೊಡೆ ಕಡೆಯಿಂದ ಆಸರೆ ಕೊಡಬೇಕು, ಎದೆ ಕೆಳಗೆ ಕೈ ಹೋಗಲೇಬಾರದು.

ಹೆರಿಗೆ ಹೇಗಾಯ್ತು ಅಂತ ಅವಳು ಬಾಲಮ್ಮನ್ನ ಕೇಳಿದ್ಲು, ಬಾಲಮ್ಮ ಹೇಳಿದ್ಲು. ನೀವು ಮಾಡಿದ್ದು ಸರಿಯಾಗೇ ಇದೆ, ಚೊಚ್ಚಲ ಹೆರಿಗೇಲಿ ದಾರಿ ಇಕ್ಕಟ್ಟು, ಮರಿ ಎದೆ ಹಾದು ಬರುವಾಗ ಎಲುಬು ಮುರಿಯೋದು ನಾವು ನೋಡ್ತಾನೇ ಇರ್ತೀವಿ, ಇದರಲ್ಲಿ ಯಾರ ತಪ್ಪೂ ಇಲ್ಲ ಅಂದ್ಲು. ಆಮೇಲೆ, ಒಳಕ್ಕೆ ತಿರುಗಿದ ಆ ತುದಿ ತೋರಿಸಿ, ಹುಟ್ಟಿದ್ಮೇಲೆ ಯಾರಾದ್ರೂ ಎತ್ತಿದ್ರಾ ಅಂತ ಕೇಳಿದ್ಲು. ಪ್ರೇಮ್‌ಕುಮಾರ್ ಫೋನು ನೋಡ್ತಾ ಆಚೆ ಹೋದ.

ಅವನು ಆಚೆ ಹೋಗಿ ಮಾಡಿದ್ದೇನು ಅಂದ್ರೆ, ಕುದುರೆ ಮಾಲೀಕರ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜು. ನನ್ನನ್ನೂ ಆ ಗ್ರೂಪಲ್ಲಿ ಹಾಕಿದಾರೆ, ಜೂಲಿನ ಆರ್ಡರಿಗೋಸ್ಕರ. ಬಾಲಮ್ಮ ಅವಸರಕ್ಕೆ ಎಳೆದು ಮರಿ ಎದೆ ಮುರಿದಿದಾಳೆ, ಹೆರಿಗೇಲೇ ಮುರಿದಿದ್ದು ಅಂತ ಡಾಕ್ಟರೇ ಹೇಳಿದಾರೆ, ಅವಳ ಕೈ ಒಳ್ಳೇದಲ್ಲ, ಯಾರೂ ಲಾಯದ ಹತ್ತಿರ ಸೇರಿಸ್ಬೇಡಿ. ಡಾಕ್ಟರ್ ಹೇಳಿದ ಅರ್ಧ ಮಾತು ಇಟ್ಕೊಂಡು ಉಳಿದರ್ಧ ನುಂಗಿದ. ತಾನು ಮಾಡಿದ ಕೆಲಸಕ್ಕೆ ಅವಳ ತಲೆ ಮೇಲೆ ಗೂಬೆ ಕೂರಿಸಿಬಿಟ್ಟ. ಸಂಜೆ ಹೊತ್ತಿಗೆ ಶಿವಾಜಿನಗರದಿಂದ ಹೊಸಕೋಟೆವರೆಗೂ ಕುದುರೆ ಇಟ್ಟವರ ಬಾಯಲ್ಲೆಲ್ಲ ಅದೇ. ಗ್ರೂಪಲ್ಲಿ ನಾನು ಹಾಗಲ್ಲ ಅಂತ ಹೇಳಿದೆ. ಜೂಲು ಹೊಲಿಯೋ ಅಕ್ಕ ಜೂಲು ಹೊಲೀಲಿ ಅಂತ ಯಾರೋ ಹಾಕಿದ, ಹತ್ತು ಜನ ನಗೋ ಗೊಂಬೆ ಹಾಕಿದ್ರು. ಹದಿನಾರು ವರ್ಷ ಅವಳ ಕೈಲಿ ಎಷ್ಟು ಕುದುರೆ ಬದುಕಿದ್ವು ಅಂತ ಒಬ್ಬನಿಗೂ ನೆನಪಾಗಲಿಲ್ಲ, ಥೂ.

ಅವನು ಅವತ್ತೇ ಅವಳನ್ನ ಓಡಿಸ್ತಿದ್ದ. ಆದ್ರೆ ಮೋತಿ ಬೇರೆ ಯಾರನ್ನೂ ಮರಿ ಹತ್ತಿರ ಬಿಡ್ತಿರಲಿಲ್ಲ, ಒಬ್ಬನ ತೋಳಿಗೆ ಕಚ್ಚಿತು ಕೂಡ. ಅದಕ್ಕೆ, ಮರಿ ನೆಟ್ಟಗಾಗೋವರೆಗೂ ಇರು, ಆಮೇಲೆ ನಿನ್ನ ದಾರಿ ನೋಡ್ಕೋ ಅಂದ. ನನಗೆ ಹೊಟ್ಟೆ ಉರಿದುಹೋಯ್ತು. ಇಂಥವನ ಮರಿಗೆ ಯಾಕೆ ಸೇವೆ ಮಾಡ್ತೀಯ, ಬಿಟ್ಟು ನಡಿ ಅಂತ ಬಾಲಮ್ಮನಿಗೆ ಬೈದೆ. ಮರಿ ಏನ್ ಮಾಡೈತ್ರಿ ಅಕ್ಕಾರ ಅಂದಳು. ಅಷ್ಟೇ.

ಮೂರು ವಾರ ಅವಳು ರೂಮಿಗೆ ಹೋಗಿದ್ದು ಸ್ನಾನಕ್ಕೆ ಮಾತ್ರ. ಜಟ್ಟೆಪ್ಪ ಡ್ಯೂಟಿ ಮುಗಿಸಿ ರೊಟ್ಟಿ ಕಟ್ಟಿಕೊಂಡು ಬಂದು ಕೊಟ್ಟು ಹೋಗೋನು. ಗಂಟೆಗೊಂದು ಸಲ ಮರೀನ ಹಿಂದಿನಿಂದ ಮೆಲ್ಲಗೆ ಏಳಿಸಿ ಮೊಲೆಗೆ ಬಾಯಿ ಹಿಡಿಸೋದು, ಮತ್ತೆ ಎಡಮಗ್ಗುಲಿಗೆ ಮಲಗಿಸೋದು, ಒಸಡಿನ ಬಣ್ಣ ನೋಡೋದು. ಮೊದಲ ನಾಲ್ಕು ದಿನ ಮರಿ ಉಳಿಯುತ್ತೆ ಅಂತ ಡಾಕ್ಟರಿಗೂ ಧೈರ್ಯ ಇರಲಿಲ್ಲ. ನಾನು ದಿನಾ ಮಧ್ಯಾಹ್ನ ಬಸ್ಸು ಹತ್ತಿ ಹೋಗ್ತಿದ್ದೆ. ಕೆಲಸ ಏನೂ ಇಲ್ಲ, ಸುಮ್ಮನೆ ಕೂತ್ಕೊಳ್ಳೋದು. ಮನೇಲಿ ಕೂತ್ರೆ ಆ ಕೆಂಪು ಬಟ್ಟೆ ಕಣ್ಮುಂದೆ ಬರ್ತಿತ್ತು.

ಆರನೇ ದಿನ ನಾನಿದ್ದಾಗಲೇ ಪ್ರೇಮ್‌ಕುಮಾರ್ ಒಂದು ಮದುವೆ ಮನೆಯವರನ್ನ ಕರ್ಕೊಂಡು ಬಂದ. ರೀಲ್ ನೋಡಿ ಬಂದಿದ್ದವರು, ಮದುಮಗಳಿಗೆ ಮರಿ ಜೊತೆ ಫೋಟೋ ಬೇಕಂತೆ. ಒಂದೇ ನಿಮಿಷ, ಎತ್ತಿ ಇಳಿಸ್ಬಿಡ್ತೀನಿ ಅಂತ ತೋಳೇರಿಸಿಕೊಂಡು ಬಂದ. ಡಾಕ್ಟರ್ ಅಷ್ಟು ಹೇಳಿದ ಮೇಲೂ. ಮನುಷ್ಯನಾ ಅವನು? ನಾನು ಕೂಗಾಡೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಬಾಲಮ್ಮ ಮರಿ ಮುಂದೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತಳು.

"ಎತ್ತಾದಿದ್ರ ಮೊದಲ ನನ್ನ ಎತ್ರಿ."

ದನಿ ಏರಿಸಲಿಲ್ಲ. ಮದುಮಗಳ ಅಜ್ಜಿ ಒಬ್ಬರು ನಕ್ಕುಬಿಟ್ರು, ಆಮೇಲೆ ಮರಿ ಉಸಿರಾಡೋದು ನೋಡಿ ನಗು ನಿಲ್ಲಿಸಿದ್ರು, ಬೇಡಪ್ಪ ಪಾಪ ಮಲಗಿರಲಿ ಅಂತ ಎಲ್ಲರನ್ನೂ ಹೊರಡಿಸಿದ್ರು. ಪ್ರೇಮ್‌ಕುಮಾರನ ಮುಖ ಕೆಂಪಾಗಿತ್ತು. ಇದಕ್ಕೆಲ್ಲ ಸೇರಿಸಿ ನೋಡ್ಕೊಳ್ತೀನಿ ಅಂತ ಹೇಳಿ ಹೋದ.

ಮರಿ ಉಳಿಯಿತು. ಹತ್ತನೇ ದಿನಕ್ಕೆ ನರಳೋದು ನಿಂತಿತು, ಹದಿನೈದಕ್ಕೆ ಬಾಲಮ್ಮನ ಸೆರಗು ಬಾಯಲ್ಲಿ ಹಿಡಿದು ಎಳೆಯೋಕೆ ಶುರು ಮಾಡ್ತು. ಇಪ್ಪತ್ನಾಲ್ಕನೇ ದಿನ ಡಾಕ್ಟರ್ ಮತ್ತೆ ಸ್ಕ್ಯಾನ್ ಮಾಡಿ, ಎಲುಬು ಕೂಡಿವೆ, ಇನ್ನು ಬಯಲಿಗೆ ಬಿಡಬಹುದು ಅಂದ್ಲು. ಬಾಲಮ್ಮ ಅವತ್ತು ಗೋಡೆಗೆ ಒರಗಿ ಕೂತು ಅತ್ತಳು. ನಾನೂ ಅತ್ತೆ.

ಅದರ ಮುಂದಿನ ಭಾನುವಾರ ಪ್ರೇಮ್‌ಕುಮಾರ್ ಮರಿಗೆ ಹೆಸರಿಡೋ ಊಟ ಇಟ್ಟ. ಫ್ರೇಜರ್ ಟೌನಿನ ಮಾಸ್ಕ್ ರೋಡಿಂದ ಬಿರಿಯಾನಿ ಹಂಡೆ ಬಂತು. ಕುದುರೆ ಮಾಲೀಕರು ಹನ್ನೆರಡು ಹದಿಮೂರು ಜನ ಬಂದಿದ್ರು. ಅಹ್ಮದ್ ಪಾಷಾ ಅವರನ್ನ ಆಟೋದಲ್ಲಿ ಕರೆಸಿ ಕುರ್ಚಿ ಹಾಕಿ ಕೂರಿಸಿದ್ರು. ಬಾಲಮ್ಮ ಮೋತೀನೂ ಮರೀನೂ ಬಯಲಿಗೆ ಹೊಡ್ಕೊಂಡು ಬಂದಳು. ಮರಿ ಒಂದು ಸುತ್ತು ಓಡಿ ಬಂದು ಅವಳ ಹತ್ತಿರಾನೇ ನಿಂತಿತು.

ಪ್ರೇಮ್‌ಕುಮಾರ್ ಎದ್ದು ನಿಂತು ಮಾತಾಡಿದ. ಹೆರಿಗೇಲಿ ಇಂಥಾ ಪೆಟ್ಟು ಬಿದ್ದಿದ್ರೂ ಮರಿ ಉಳಿದಿದ್ದು ನಾವು ಪದ್ಧತಿ ಬಿಡದೆ ಇದ್ದಿದ್ದಕ್ಕೆ, ಅವತ್ತು ನಾನು ಎತ್ತಿ ಮೂರು ಸುತ್ತು ಬಂದೆ, ಅದೇ ಅದಕ್ಕೆ ಜೀವ ಕೊಡ್ತು ಅಂದ. ನನಗೆ ತಟ್ಟೆ ತಗೊಂಡು ಅವನ ಮೇಲೆ ಎಸೆಯೋಣ ಅನ್ನಿಸ್ತು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬಾಲಮ್ಮನಿಗೆ ಇವತ್ತು ಕೊನೇ ದಿನ, ಕೈ ಒರಟಾದ್ರೂ ಇಷ್ಟು ವರ್ಷ ಇಟ್ಕೊಂಡಿದ್ದೆ, ಯಾರೂ ಬೇಜಾರು ಮಾಡ್ಕೋಬೇಡಿ ಅಂತ ಸೇರಿಸಿದ. ತಿನ್ನೋರು ತಿಂತಾನೇ ಇದ್ರು.

ನಾನು ಏಳೋಕೆ ಹೋದೆ. ಬಾಲಮ್ಮ ನನ್ನ ಭುಜ ಒತ್ತಿ ಕೂರಿಸಿ ತಾನು ಮುಂದೆ ಬಂದಳು. ಅವಳಿಗೆ ಕೆಲಸ ಬೇಕಿರಲಿಲ್ಲ, ದುಡ್ಡು ಬೇಕಿರಲಿಲ್ಲ. ತನ್ನ ಕೈ ಮೇಲೆ ಬಂದ ಮಾತು ಹೋಗಬೇಕಿತ್ತು, ಇನ್ನೊಂದು ಮರಿ ಹೀಗೆ ಎತ್ತಿಸಿಕೊಳ್ಳಬಾರದಿತ್ತು. ಮರೀನ ಮೆಲ್ಲಗೆ ನಡೆಸಿಕೊಂಡು ಬಂದು ಅಹ್ಮದ್ ಪಾಷಾ ಅವರ ಕುರ್ಚಿ ಮುಂದೆ ನಿಲ್ಲಿಸಿದಳು. ಅವರ ಕೈ ಹಿಡಿದು ಮರಿಯ ಎಡಪಕ್ಕ ಇಟ್ಟಳು. ಇಲ್ಲಿ ನೋಡ್ರಿ ಚಾಚಾ, ನಾಕು ಗಂಟು ಅದಾವ ಅಂದಳು. ಮೂರು ಒಂದೇ ಸಾಲಿಗೆ ಕೂಡ್ಯಾವ, ನಾಕನೇದು ಒಳಗ ಸರಿದು ಕೂಡೈತಿ. ಹುಟ್ಟಿದ ಕೂಡ್ಲೇ ನನ್ನ ಕೈಗೆ ನಾಕೂ ಸಾಲಿಗೇ ಸಿಕ್ಕಿದ್ವು. ಎತ್ತಿದ ಮ್ಯಾಲೆ ಒಂದು ಒಳಗ ಹೋತು ಅಂದಳು.

ಮುದುಕರು ತುಂಬ ಹೊತ್ತು ಕೈ ಅಲ್ಲೇ ಇಟ್ಕೊಂಡಿದ್ರು. ಬೆರಳು ಮೇಲೆ ಕೆಳಗೆ ಓಡಾಡ್ತಿತ್ತು. ಮುರಿದಾಗ ಮರಿ ಹೇಗಿತ್ತು ಅಂತ ಕೇಳಿದ್ರು. ನರಳೋದು, ಉಸಿರು ದಬದಬ ಓಡೋದು, ಒಸಡು ನೀಲಿ, ನಿಲ್ಲೋಕೆ ಆಗದೆ ಕುಸಿಯೋದು, ಬಾಲಮ್ಮ ಒಂದೊಂದೇ ಹೇಳಿದಳು. ಹೇಳ್ತಾ ಹೇಳ್ತಾ ಅವರ ಮುಖದ ಬಣ್ಣ ಇಳೀತು.

"ಮೂರು ಮರಿ, ಬೇಟಿ," ಅಂದ್ರು. "ನಾನೇ ಎತ್ತಿದ್ದು, ಈ ಕೈಯಲ್ಲಿ. ಮೂರೂ ಹೀಗೇ ನರಳಿ ಎರಡು ದಿನಕ್ಕೆ ಹೋಯ್ತು. ನಜರ್ ಆಯ್ತು, ಕೆಟ್ಟ ಕಣ್ಣು ಬಿತ್ತು ಅಂತ ಹೇಳಿ ಹೂತುಬಿಟ್ಟೆ."

ಬಿರಿಯಾನಿ ತಿಂತಿದ್ದವರ ಕೈ ನಿಂತಿತು. ಒಬ್ಬ ಎದ್ದು ಬಂದು ಮರಿ ಪಕ್ಕೆ ಮುಟ್ಟಿ ನೋಡಿದ. ಅವನ ಹಿಂದೆ ನಯಾಜ್ ಬಂದ, ಗ್ರೂಪಲ್ಲಿ ನನಗೆ ಜೂಲು ಹೊಲಿ ಅಂದವನು ಅವನೇ. ಮುಟ್ಟಿ, ಹೋದ ವರ್ಷ ನಮ್ಮದೂ ಒಂದು ಹೀಗೇ ಹೋಯ್ತು ಅಂತ ಮೆಲ್ಲಗೆ ಅಂದು ಪಕ್ಕಕ್ಕೆ ಹೋಗಿ ನಿಂತ. ಅಹ್ಮದ್ ಪಾಷಾ ತಲೆ ಎತ್ತಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ಎತ್ತಿ ಅಂತ ಹೇಳ್ಕೊಟ್ಟವನು ನಾನೇ ಅಂತ ಅಳೋಕೆ ಶುರು ಮಾಡಿದ್ರು. ಆ ವಯಸ್ಸಿನ ಗಂಡಸು ಹನ್ನೆರಡು ಜನರ ಮುಂದೆ ಅಳೋದನ್ನ ನಾನು ನೋಡಿರಲಿಲ್ಲ.

ಪ್ರೇಮ್‌ಕುಮಾರ್ ಮಾತ್ರ ಮುಟ್ಟೋಕೆ ಬರಲಿಲ್ಲ. ದೂರದಲ್ಲೇ ನಿಂತು, ಹೋಗ್ಲಿ ಬಿಡಿ ಚಾಚಾ, ಆವಾಗ ಯಾರಿಗೆ ಗೊತ್ತಿತ್ತು, ನಮಗೆಲ್ಲ ಏನ್ ಗೊತ್ತಿತ್ತು ಅಂದ. ಎಲ್ಲರ ಜೊತೆ ತಾನೂ ಸೇರ್ಕೊಂಡುಬಿಟ್ಟ, ನೋಡಿ ಎಷ್ಟು ಸಲೀಸು.

ಬಾಲಮ್ಮ ನೆಲಕ್ಕೆ ಕೂತು ಮುದುಕರ ಎರಡೂ ಕೈ ಹಿಡ್ಕೊಂಡಿದ್ದಳು. ಅಲ್ಲಿಂದಲೇ ತಲೆ ತಿರುಗಿಸಿ ಅವನನ್ನ ನೋಡಿದಳು.

"ಚಾಚಾಗ ಗೊತ್ತಿದ್ದಿಲ್ಲ," ಅಂದಳು. "ನಿಮಗ ನಾ ಹೇಳಿದ್ದೆ."